ದಂಡ: ದೇಹಬಲವನ್ನು ತೂಗುವ ಮನೆಯ ತಕ್ಕಡಿ

ಶ್ರೀಮಠದ ಸದ್ಭಕ್ತರಲ್ಲಿ ನಲವತ್ತು ದಾಟಿದ ಬಹುತೇಕರಿಗೆ ಇಂದು ತಮ್ಮ ರಕ್ತದ ಸಕ್ಕರೆಯ ಅಂಕಿ ಬಾಯಿಪಾಠವಾಗಿದೆ. ರಕ್ತದೊತ್ತಡ ಎಷ್ಟು, ತೂಕ ಎಷ್ಟು ಎಂಬುದನ್ನೂ ಅನೇಕರು ಕಾಗದ ನೋಡದೆ ಹೇಳುತ್ತಾರೆ. ಆರೋಗ್ಯದ ಬಗೆಗಿನ ಈ ಎಚ್ಚರ ಮೆಚ್ಚತಕ್ಕದ್ದು. ಆದರೆ “ನಿಮ್ಮ ದೇಹದಲ್ಲಿ ಬಲ ಎಷ್ಟಿದೆ?” ಎಂದು ಕೇಳಿದರೆ ಉತ್ತರ ಹೇಳುವವರು ವಿರಳ. ಬಲವನ್ನೂ ಅಳೆಯಬಹುದು, ಅದಕ್ಕೂ ಒಂದು ಲೆಕ್ಕವಿದೆ ಎಂಬುದೇ ಬಹಳ ಜನರಿಗೆ ಹೊಸ ಮಾತು.

ಈ ಲೆಕ್ಕ ಪೈಲ್ವಾನರಿಗೆ ಮಾತ್ರ ಬೇಕಾದುದಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಹಳ್ಳಿಗಳಿಂದ ನಮ್ಮಲ್ಲಿಗೆ ಬರುವ ಹಿರಿಯರಲ್ಲಿ ಒಂದು ಸಂಗತಿಯನ್ನು ನಾವು ಮತ್ತೆ ಮತ್ತೆ ಕಾಣುತ್ತೇವೆ. ಅವರು ಬಚ್ಚಲಲ್ಲಿ ಕಾಲು ಜಾರಿ ಬಿದ್ದಿರುತ್ತಾರೆ. ಎಲುಬು ಮುರಿದಿರುವುದಿಲ್ಲ, ದೊಡ್ಡ ಗಾಯವೂ ಇರುವುದಿಲ್ಲ. ಆದರೂ ನೆಲಕ್ಕೆ ಕೈಯೂರಿ ಮೇಲೇಳಲಾಗದೆ, ಮನೆಯವರು ಹೊಲದಿಂದ ಬರುವ ತನಕ ಹಸಿ ನೆಲದ ಮೇಲೆಯೇ ಮಲಗಿರುತ್ತಾರೆ. ಬಿದ್ದುದಕ್ಕಿಂತ ಏಳಲಾಗದೆ ಬಿದ್ದುಕೊಂಡಿದ್ದುದೇ ಅವರಿಗೆ ಹೆಚ್ಚು ಕೇಡು ಮಾಡಿರುತ್ತದೆ. ಅಂದಿನಿಂದ ಒಬ್ಬರೇ ನಡೆಯಲು ಅಂಜುತ್ತಾರೆ. ನಡಿಗೆ ಕಡಿಮೆಯಾದಂತೆ ಇದ್ದ ಬಲವೂ ಕುಗ್ಗುತ್ತದೆ. ಈ ಬಲಹೀನತೆ ಎಪ್ಪತ್ತನೆಯ ವಯಸ್ಸಿನಲ್ಲಿ ಒಮ್ಮೆಲೇ ಹುಟ್ಟಿದ್ದಲ್ಲ. ನಲವತ್ತರ ಆಸುಪಾಸಿನಲ್ಲಿ ಮೊದಲಾಗಿ, ನೋವು ಕೊಡದೆ, ಯಾರ ಗಮನಕ್ಕೂ ಬಾರದೆ ಬೆಳೆದದ್ದು. ಅದನ್ನು ಮೊದಲೇ ಕಂಡುಕೊಳ್ಳುವ ಸುಲಭ ಸಾಧನವೊಂದು ನಮ್ಮ ಗರಡಿಮನೆಗಳಲ್ಲಿಯೇ ಇದೆ. ಅದೇ ದಂಡ. ಇಂದಿನ ಮಕ್ಕಳು ಶಾಲೆಯಲ್ಲಿ ಪುಷ್‌ಅಪ್ ಎಂದು ಕಲಿಯುವುದು ಇದರ ಹತ್ತಿರದ ಬಂಧುವನ್ನೇ.

ಬಲಪರೀಕ್ಷೆ ಆಯುರ್ವೇದಕ್ಕೆ ಹೊಸದಲ್ಲ

ರೋಗಿಯಲ್ಲಿ ವೈದ್ಯನು ಪರೀಕ್ಷಿಸಬೇಕಾದ ಹತ್ತು ವಿಷಯಗಳನ್ನು ಚರಕಸಂಹಿತೆಯ ವಿಮಾನಸ್ಥಾನದ 8ನೆಯ ಅಧ್ಯಾಯವು ಹೇಳುತ್ತದೆ: ಪ್ರಕೃತಿ, ವಿಕೃತಿ, ಸಾರ, ಸಂಹನನ, ಪ್ರಮಾಣ, ಸಾತ್ಮ್ಯ, ಸತ್ತ್ವ, ಆಹಾರಶಕ್ತಿ, ವ್ಯಾಯಾಮಶಕ್ತಿ ಮತ್ತು ವಯಸ್ಸು. ಇವುಗಳಲ್ಲಿ ಒಂಬತ್ತನೆಯದಾದ ವ್ಯಾಯಾಮಶಕ್ತಿಯನ್ನು ಹೇಗೆ ತಿಳಿಯಬೇಕು? ಮನುಷ್ಯನು ಕೆಲಸವನ್ನು ಮಾಡಬಲ್ಲ ಸಾಮರ್ಥ್ಯದಿಂದಲೇ ತಿಳಿಯಬೇಕು, ಅದರಿಂದಲೇ ಅವನ ಬಲವು ಪ್ರವರವೋ, ಮಧ್ಯಮವೋ, ಅವರವೋ ಎಂದು ನಿರ್ಣಯಿಸಬೇಕು ಎಂಬುದು ಆಚಾರ್ಯರ ಅಭಿಪ್ರಾಯ.

ಕೇವಲ ಕಣ್ಣಿನಿಂದ ನೋಡಿ ಬಲವನ್ನು ಊಹಿಸುವ ವೈದ್ಯನು ಮೋಸಹೋಗುತ್ತಾನೆಂಬ ಎಚ್ಚರಿಕೆಯೂ ಅದೇ ಅಧ್ಯಾಯದಲ್ಲಿದೆ. ಮೈತುಂಬಿಕೊಂಡವನು ಬಲಶಾಲಿ, ಸಣಕಲನು ದುರ್ಬಲ ಎನ್ನುವಂತಿಲ್ಲ. ತನಗಿಂತ ದೊಡ್ಡ ಕಾಳನ್ನು ಹೊತ್ತೊಯ್ಯುವ ಇರುವೆಯನ್ನು ಅಲ್ಲಿ ದೃಷ್ಟಾಂತವಾಗಿ ಕೊಡಲಾಗಿದೆ. ನಮ್ಮ ಅನುಭವವೂ ಇದನ್ನೇ ಹೇಳುತ್ತದೆ. ಅಂಗಿಯ ಗುಂಡಿ ಬಿಗಿಯುವಷ್ಟು ಎದೆ, ಹೊಟ್ಟೆ ಬೆಳೆಸಿಕೊಂಡ ಮೂವತ್ತೈದರ ಯುವಕರು ಐದು ದಂಡಗಳನ್ನು ಮುಗಿಸಲಾರದೆ ಕೂರುವುದುಂಟು. ಒಣಕಲು ಮೈಯ ಅರವತ್ತರ ರೈತರು ಉಸಿರು ಕೆಡದಂತೆ ಹದಿನೈದು ತೆಗೆಯುವುದೂ ಉಂಟು.

ಚರಕರು ಬಲವನ್ನು ಮೂರು ಬಗೆಯೆಂದು ಎಣಿಸಿದ್ದಾರೆ. ಹುಟ್ಟಿನಿಂದ ಬಂದುದು ಸಹಜ ಬಲ. ಋತು ಮತ್ತು ವಯಸ್ಸಿಗೆ ತಕ್ಕಂತೆ ಏರಿಳಿಯುವುದು ಕಾಲಜ ಬಲ. ಆಹಾರ ವ್ಯಾಯಾಮಗಳಿಂದ ನಾವೇ ಗಳಿಸಿಕೊಳ್ಳುವುದು ಯುಕ್ತಿಕೃತ ಬಲ. ಮೊದಲ ಎರಡು ನಮ್ಮ ಕೈಯಲ್ಲಿಲ್ಲ. ಮೂರನೆಯದು ಪೂರ್ಣವಾಗಿ ನಮ್ಮ ಕೈಯಲ್ಲಿದೆ, ಅರವತ್ತು ದಾಟಿದ ಮೇಲೂ ಇದೆ. ಮೂವತ್ತರ ನಂತರ ಹತ್ತು ವರ್ಷಕ್ಕೆ ಸುಮಾರು ಶೇ. 3ರಿಂದ 8ರಷ್ಟು ಮಾಂಸಖಂಡ ಕರಗುತ್ತದೆ, ಅರವತ್ತರ ನಂತರ ಈ ವೇಗ ಹೆಚ್ಚುತ್ತದೆ ಎಂದು ಆಧುನಿಕ ಶರೀರಶಾಸ್ತ್ರ ಹೇಳುತ್ತದೆ. ಇದು ಕಾಲಜ ಬಲದ ಇಳಿಕೆ. ಈ ಇಳಿಕೆಗೆ ಅಡ್ಡಕಟ್ಟೆ ಹಾಕುವುದು ಯುಕ್ತಿಕೃತ ಬಲದ ಕೆಲಸ.

ಗರಡಿಯಿಂದ ಮನೆಯಂಗಳಕ್ಕೆ

ನಮ್ಮ ನಾಡಿನಲ್ಲಿ ಬಲಸಾಧನೆಯ ಶಾಸ್ತ್ರ ಬಹಳ ಹಳೆಯದು. ಕಲ್ಯಾಣ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಮೊದಲ ಭಾಗದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದವೆಂಬ ಪ್ರಕರಣವೇ ಇದೆ. ಮಲ್ಲರನ್ನು ವಯಸ್ಸು, ದೇಹ ಮತ್ತು ಕೌಶಲಗಳಿಂದ ವಿಂಗಡಿಸಿ, ಭಾರ ಎತ್ತುವುದು, ನಡೆಯುವುದು, ಈಜುವುದು, ತೋಳುಗಳಿಂದ ಒತ್ತಾಡುವುದು, ಕಂಬದ ಮೇಲೆ ಸಾಧನೆ ಮಾಡುವುದು ಎಂದು ಅವರ ಶ್ರಮಗಳನ್ನು ಅಲ್ಲಿ ಬೇರೆ ಬೇರೆಯಾಗಿ ಹೇಳಲಾಗಿದೆ. ನಮ್ಮ ನೆರೆಯ ಕೊಲ್ಲಾಪುರದಲ್ಲಿ ಶಾಹು ಮಹಾರಾಜರು ಕಟ್ಟಿಸಿದ ಖಾಸಬಾಗ ಕುಸ್ತಿ ಮೈದಾನ 1912ರಲ್ಲಿ ಆರಂಭವಾಯಿತು. ಆ ಮೈದಾನದ ಹೆಸರು ಕೇಳದ ಹಳೆಯ ಪೈಲ್ವಾನರು ಚಿಕ್ಕೋಡಿ, ನಿಪ್ಪಾಣಿ ಸೀಮೆಯಲ್ಲಿ ಇರಲಾರರು. ಸಾತಾರಾ ಭಾಗದ ಔಂಧ ಸಂಸ್ಥಾನದ ಭವಾನರಾವ್ ಪಂತ ಪ್ರತಿನಿಧಿಯವರು ಸೂರ್ಯನಮಸ್ಕಾರವನ್ನು ಮನೆಮನೆಯ ವ್ಯಾಯಾಮವಾಗಿಸಲು ದುಡಿದರು. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳಿಂದ ಕನ್ನಡಿಗರ ಮನೆಮಾತಾದ ಕೆ. ವಿ. ಅಯ್ಯರ್ ಅವರು ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ನಡೆಸಿ, ದೇಹಸಾಧನೆ ಓದುಬರಹ ಬಲ್ಲವರಿಗೂ ಬೇಕೆಂದು ತೋರಿಸಿಕೊಟ್ಟರು.

ದಂಡ, ಬೈಠಕ್, ಕಲ್ಲು ಎತ್ತುವುದು ಇವೆಲ್ಲ ಒಂದು ಕಾಲಕ್ಕೆ ನಮ್ಮ ಊರಿನ ಹುಡುಗರ ಸಂಜೆಯ ದಿನಚರಿಯಾಗಿದ್ದವು. ಈಗ ಎಷ್ಟೋ ಊರುಗಳ ಗರಡಿಯ ಬಾಗಿಲು ಜಾತ್ರೆ ಬಂದಾಗ ಮಾತ್ರ ತೆರೆಯುತ್ತದೆ. ಗರಡಿಯು ದೂರವಾದಂತೆ ದಂಡವೂ ಪೈಲ್ವಾನರ ಸೊತ್ತೆಂಬ ಭಾವನೆ ಬೆಳೆಯಿತು. ಈ ಭಾವನೆಯನ್ನು ಬಿಡಬೇಕೆಂಬುದೇ ನಮ್ಮ ಆಶಯ.

ದಂಡದಲ್ಲಿ ನಡೆಯುವುದೇನು?

ಗರಡಿಯ ದಂಡದಲ್ಲಿ ಸೊಂಟವನ್ನು ಮೇಲಕ್ಕೆತ್ತಿ ನಿಂತು, ಎದೆಯನ್ನು ಎರಡು ಕೈಗಳ ನಡುವೆ ನೆಲಕ್ಕೆ ಸವರಿದಂತೆ ಇಳಿಸಿ, ತಲೆಯೆತ್ತಿ ಮೇಲೇಳಬೇಕು. ಪುಷ್‌ಅಪ್‌ನಲ್ಲಿ ದೇಹವನ್ನು ಹಲಗೆಯಂತೆ ನೇರವಾಗಿರಿಸಿ ಇಳಿದು ಏಳಬೇಕು. ಅಳತೆಗೆ ಎರಡನೆಯದೇ ಅನುಕೂಲ. ಅದರಲ್ಲಿ ಎಲ್ಲರೂ ಒಂದೇ ರೀತಿ ಮಾಡಬಹುದು, ಎಣಿಕೆಯಲ್ಲಿ ಗೊಂದಲವಾಗದು. ಆದುದರಿಂದ ಮುಂದೆ ನಾವು ದಂಡವೆಂದಾಗಲೆಲ್ಲ ಈ ನೇರ ದಂಡವೆಂದೇ ತಿಳಿಯಬೇಕು.

ನೆಲದ ಮೇಲೆ ಒಂದು ನೇರ ದಂಡ ತೆಗೆಯುವಾಗ ಕೈಗಳ ಮೇಲೆ ಬೀಳುವ ಭಾರ ನಮ್ಮ ತೂಕದ ಸುಮಾರು ಮೂರನೆಯ ಎರಡು ಭಾಗ. 60 ಕಿಲೋ ತೂಕದವರು ಪ್ರತಿ ಸಲ ಸುಮಾರು 40 ಕಿಲೋ ಎತ್ತಿದಂತಾಯಿತು. ಮೊಣಕಾಲೂರಿ ಮಾಡಿದರೆ ಈ ಭಾರ ತೂಕದ ಅರ್ಧದಷ್ಟಾಗುತ್ತದೆ. ಕೈಗಳನ್ನು ಎರಡು ಅಡಿ ಎತ್ತರದ ಕಟ್ಟೆಯ ಮೇಲಿಟ್ಟರೆ ಇನ್ನೂ ಕಡಿಮೆಯಾಗುತ್ತದೆ. ಯಾವ ಉಪಕರಣವೂ ಇಲ್ಲದೆ ಭಾರವನ್ನು ಹೀಗೆ ಏರಿಸಿ ಇಳಿಸಬಹುದಾದುದು ಈ ವ್ಯಾಯಾಮದ ದೊಡ್ಡ ಅನುಕೂಲ.

ಕೆಲಸ ಮಾಡುವುದು ತೋಳುಗಳು ಮಾತ್ರವಲ್ಲ. ಎದೆ, ಹೆಗಲು ಮತ್ತು ತೋಳಿನ ಹಿಂಭಾಗದ ಸ್ನಾಯುಗಳು ಭಾರವನ್ನು ಒತ್ತುತ್ತವೆ. ಹೊಟ್ಟೆ, ಬೆನ್ನು, ಪೃಷ್ಠ ಮತ್ತು ತೊಡೆಯ ಸ್ನಾಯುಗಳು ದೇಹ ಬಾಗದಂತೆ ಬಿಗಿಹಿಡಿಯುತ್ತವೆ. ಹೃದಯವು ಇವೆಲ್ಲಕ್ಕೂ ರಕ್ತವನ್ನು ಒದಗಿಸುತ್ತದೆ, ಶ್ವಾಸಕೋಶವು ಪ್ರಾಣವಾಯುವನ್ನು ತುಂಬುತ್ತದೆ. ಇವುಗಳಲ್ಲಿ ಯಾವುದೊಂದು ಸೋತರೂ ಎಣಿಕೆ ಅಲ್ಲಿಗೆ ನಿಲ್ಲುತ್ತದೆ. ಆದುದರಿಂದ ದಂಡದ ಎಣಿಕೆ ತೋಳಿನ ಲೆಕ್ಕವಲ್ಲ, ಇಡೀ ದೇಹದ ಲೆಕ್ಕ. ನೆಲದಿಂದ ಏಳುವುದು, ಮುಗ್ಗರಿಸಿದಾಗ ಕೈಯೂರಿ ಮುಖವನ್ನು ಕಾಯ್ದುಕೊಳ್ಳುವುದು, ಕೆಸರಿನಲ್ಲಿ ಸಿಕ್ಕ ಬೈಕನ್ನು ದೂಡುವುದು, ಮೇವಿನ ಹೊರೆಯನ್ನು ತಲೆಗೇರಿಸುವುದು, ಹಾಸಿಗೆ ಹಿಡಿದವರನ್ನು ಎತ್ತಿ ಕೂರಿಸುವುದು ಇವೆಲ್ಲಕ್ಕೂ ಬೇಕಾದುದು ಇದೇ ಬಲ.

ದುಡಿಯುವವರಿಗೆ ವ್ಯಾಯಾಮ ಏಕೆ?

“ದಿನವೆಲ್ಲ ದುಡಿಯುತ್ತೇವೆ, ಮತ್ತೆ ದಂಡ ಬೇರೆ ಏಕೆ?” ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದುದು, ಉತ್ತರ ಎಲ್ಲರಿಗೂ ಒಂದೇ ಅಲ್ಲ. ಚರಕರ ಪ್ರಕಾರ ದೇಹಕ್ಕೆ ಹಿತವಾದ, ಸ್ಥಿರತೆಯನ್ನೂ ಬಲವನ್ನೂ ಕೊಡುವ, ಮಿತಿಯಲ್ಲಿ ಮಾಡಿದ ಚಟುವಟಿಕೆ ಮಾತ್ರ ವ್ಯಾಯಾಮ. ಮಿತಿ ಮೀರಿದ್ದು ಆಯಾಸ, ಕ್ಷಯ, ಕೆಮ್ಮು, ಜ್ವರಗಳಿಗೆ ಕಾರಣ. ದುಡಿಮೆಗೂ ವ್ಯಾಯಾಮಕ್ಕೂ ಇರುವ ಅಂತರ ಇಲ್ಲಿದೆ.

ಕಾರ್ಖಾನೆಗಳು ಕಬ್ಬು ನುರಿಸುವ ಹಂಗಾಮಿನಲ್ಲಿ ಬೆಳಗಿನ ಜಾವದಿಂದ ಕಬ್ಬು ಕಡಿದು, ಹೊರೆ ಹೊತ್ತು, ಗಾಡಿಗೆ ಏರಿಸುವ ಕಾರ್ಮಿಕರಿಗೆ ದಂಡ ತೆಗೆಯಿರಿ ಎಂದು ಹೇಳುವುದು ಅವಿವೇಕ. ಅವರಿಗೆ ಬೇಕಾದುದು ವಿಶ್ರಾಂತಿ, ಎಣ್ಣೆಯ ಅಭ್ಯಂಗ, ಹೊಟ್ಟೆ ತುಂಬ ಸತ್ತ್ವವುಳ್ಳ ಊಟ. ಆದರೆ ಅದೇ ಕಬ್ಬಿನ ಗದ್ದೆಯ ಒಡೆಯರನ್ನು ನೋಡಿರಿ. ಉಳುವುದು ಟ್ರ್ಯಾಕ್ಟರ್, ನೀರೆತ್ತುವುದು ಪಂಪು, ಹೊಲಕ್ಕೆ ಹೋಗುವುದು ಬೈಕಿನಲ್ಲಿ. ತಂದೆಯ ಕಾಲದ ರೊಟ್ಟಿಯ ಲೆಕ್ಕ ಹಾಗೆಯೇ ಉಳಿದಿದೆ, ತಂದೆಯ ಕಾಲದ ಬೆವರು ಉಳಿದಿಲ್ಲ. ಅವರಿಗೆ ವ್ಯಾಯಾಮ ಬೇಕು.

ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ತಾಯಂದಿರು, ಅಥಣಿಯಲ್ಲಿ ಚಪ್ಪಲಿ ಹೊಲಿಯುವ ಕುಶಲಕರ್ಮಿಗಳು ಮೂರನೆಯ ಗುಂಪಿನವರು. ಅವರು ಗಂಟೆಗಟ್ಟಲೆ ದುಡಿಯುತ್ತಾರೆ. ಆದರೆ ಬೆರಳು, ಮಣಿಕಟ್ಟುಗಳು ಮಾತ್ರ ಓಡುತ್ತವೆ, ಬೆನ್ನು ಬಾಗಿ ಎದೆ ಮುಚ್ಚಿಕೊಂಡಿರುತ್ತದೆ. ಕೊರಳು, ಹೆಗಲುಗಳ ನೋವು ಇಲ್ಲಿಂದ ಹುಟ್ಟುತ್ತದೆ. ಗಂಟೆಗೊಮ್ಮೆ ಎದ್ದು ಗೋಡೆಗೆ ಕೈಕೊಟ್ಟು ಎಂಟು ಹತ್ತು ಬಾರಿ ಮಾಡುವ ಗೋಡೆದಂಡ ಇವರ ಎದೆಯನ್ನು ತೆರೆದು ಹೆಗಲನ್ನು ಸಡಿಲಿಸುತ್ತದೆ. ಅಂಗಡಿಕಾರರು, ಶಿಕ್ಷಕರು, ಬ್ಯಾಂಕು ಕಚೇರಿಗಳ ನೌಕರರು ಕುರ್ಚಿಯಲ್ಲಿಯೇ ದಿನ ಕಳೆಯುವವರು. 2022ರಲ್ಲಿ ಭಾರತದ ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಜನ ಸಾಕಷ್ಟು ದೈಹಿಕ ಚಟುವಟಿಕೆ ಇಲ್ಲದವರು, ಮಹಿಳೆಯರಲ್ಲಿ ಇದು ಶೇ. 57, ಪುರುಷರಲ್ಲಿ ಶೇ. 42 ಎಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಸೇರಿ ಮಾಡಿದ ಲೆಕ್ಕ ಹೇಳುತ್ತದೆ. ವಾರಕ್ಕೆ ಕನಿಷ್ಠ 150 ನಿಮಿಷಗಳ ಬಿರುಸು ನಡಿಗೆಯಂತಹ ಚಟುವಟಿಕೆಯೊಂದಿಗೆ, ವಾರದಲ್ಲಿ ಎರಡು ದಿನವಾದರೂ ಸ್ನಾಯುಬಲದ ವ್ಯಾಯಾಮ ಬೇಕೆಂಬುದು ಅದೇ ಸಂಸ್ಥೆಯ 2020ರ ಸಲಹೆ. ನಡಿಗೆಯನ್ನು ನಮ್ಮ ಜನ ಒಪ್ಪಿಕೊಂಡಿದ್ದಾರೆ. ಎರಡನೆಯ ಮಾತು ಇನ್ನೂ ಕಿವಿಗೆ ಬಿದ್ದಿಲ್ಲ.

ಅಧ್ಯಯನಗಳು ಏನು ಹೇಳುತ್ತವೆ?

ಅಮೆರಿಕದ ಇಂಡಿಯಾನಾ ರಾಜ್ಯದ 1,104 ಅಗ್ನಿಶಾಮಕ ಸಿಬ್ಬಂದಿಯನ್ನು ಹತ್ತು ವರ್ಷಗಳ ಕಾಲ ಗಮನಿಸಿದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಎಲ್ಲರೂ ಪುರುಷರು, ಸರಾಸರಿ ವಯಸ್ಸು ಸುಮಾರು ನಲವತ್ತು. ಆರಂಭದಲ್ಲಿ 40ಕ್ಕಿಂತ ಹೆಚ್ಚು ದಂಡ ತೆಗೆದವರಲ್ಲಿ, ಹತ್ತನ್ನೂ ದಾಟಲಾಗದವರಿಗಿಂತ ಹೃದಯ ಮತ್ತು ರಕ್ತನಾಳಗಳ ತೊಂದರೆಯ ಸಂಭವ ಶೇ. 96ರಷ್ಟು ಕಡಿಮೆ ಕಂಡುಬಂದಿತು. ಈ ಅಂಕಿಯನ್ನು ಕೇಳಿ ನಲವತ್ತು ದಂಡ ತೆಗೆದವರಿಗೆ ಹೃದಯಾಘಾತವೇ ಆಗದು ಎಂದು ತಿಳಿಯಬಾರದು. ಅಷ್ಟು ಜನರಲ್ಲಿ ಹತ್ತು ವರ್ಷಕ್ಕೆ ಕಂಡ ತೊಂದರೆಗಳು ಒಟ್ಟು 37 ಮಾತ್ರ. ಅವರು ಮೊದಲೇ ಚಟುವಟಿಕೆಯ ವೃತ್ತಿಯವರು, ಮಹಿಳೆಯರೂ ವೃದ್ಧರೂ ಅವರಲ್ಲಿರಲಿಲ್ಲ. ದಂಡವೇ ಹೃದಯವನ್ನು ಕಾಯಿತೆಂದು ಆ ಅಧ್ಯಯನ ಸಾಧಿಸುವುದಿಲ್ಲ. ಒಳ್ಳೆಯ ಹೃದಯ, ಹದವಾದ ತೂಕ, ನಿಯಮಿತ ವ್ಯಾಯಾಮ ಇರುವವರು ಹೆಚ್ಚು ದಂಡ ತೆಗೆಯಬಲ್ಲರು ಎಂಬುದನ್ನು ಸೂಚಿಸುತ್ತದೆ. ನಮಗೆ ಬೇಕಾದುದೂ ಅಷ್ಟೇ. ದಂಡದ ಎಣಿಕೆ ಒಳಗಿನ ಸ್ಥಿತಿಯ ಸೂಚಕ.

ಬಲದ ಬೇರೆ ಅಳತೆಗಳೂ ಇದೇ ಮಾತನ್ನು ಹೇಳುತ್ತವೆ. ಭಾರತವೂ ಸೇರಿ 17 ದೇಶಗಳ ಸುಮಾರು 1 ಲಕ್ಷ 40 ಸಾವಿರ ಜನರ ಕೈಹಿಡಿತದ ಬಲವನ್ನು ಅಳೆದ ಅಧ್ಯಯನ 2015ರಲ್ಲಿ ಹೊರಬಂದಿತು. ಹಿಡಿತದ ಬಲ 5 ಕಿಲೋ ಕಡಿಮೆಯಾದಂತೆ ಸಾವಿನ ಸಂಭವ ಶೇ. 16ರಷ್ಟು ಹೆಚ್ಚಿದ್ದುದು ಅಲ್ಲಿ ಕಂಡಿತು. ಕೆಲಸದ ಸಾಮರ್ಥ್ಯದಿಂದಲೇ ಬಲವನ್ನು ಅಳೆಯಬೇಕೆಂಬ ಚರಕರ ಮಾತಿಗೂ ಇದಕ್ಕೂ ವಿರೋಧವಿಲ್ಲ.

ಮೊದಲು ಯಾರು ಮಾಡಬಾರದೆಂಬುದು

ಹೃದಯಾಘಾತವಾದವರು, ಸ್ಟೆಂಟ್ ಹಾಕಿಸಿಕೊಂಡವರು, ನಡೆಯುವಾಗ ಎದೆ ಬಿಗಿಯುವವರು ಅಥವಾ ಬೇಗ ಏದುಸಿರು ಬರುವವರು, ಹತೋಟಿಗೆ ಬಾರದ ರಕ್ತದೊತ್ತಡವುಳ್ಳವರು ವೈದ್ಯರ ಅನುಮತಿಯಿಲ್ಲದೆ ಈ ಪರೀಕ್ಷೆಗೆ ಇಳಿಯಬಾರದು. ಅಂಡವಾಯು ಅಥವಾ ಹೊಟ್ಟೆಯ ಭಾಗದ ಹರ್ನಿಯಾ ಇರುವವರು, ಇತ್ತೀಚೆಗೆ ಹೊಟ್ಟೆಯ ಇಲ್ಲವೇ ಕಣ್ಣಿನ ಶಸ್ತ್ರಚಿಕಿತ್ಸೆ ಆದವರು, ಮಧುಮೇಹದಿಂದ ಕಣ್ಣಿನ ಒಳಪೊರೆಯಲ್ಲಿ ರಕ್ತಸ್ರಾವವಾದವರು, ಹೆಗಲಿನ ಕೀಲು ಜಾರಿದವರು ಮತ್ತು ಗರ್ಭಿಣಿಯರಿಗೂ ಇದೇ ನಿಯಮ. ಜ್ವರ, ಅಜೀರ್ಣ, ನಿದ್ದೆಗೆಟ್ಟ ದಿನಗಳಲ್ಲಿ ಯಾರೂ ಮಾಡಬಾರದು. ಮಾಡುವಾಗ ಎದೆ ಬಿಗಿತ, ಎಡತೋಳು ಅಥವಾ ದವಡೆಯ ನೋವು, ತಲೆಸುತ್ತು, ಕಣ್ಣಿಗೆ ಕತ್ತಲೆ ಕವಿಯುವುದು ಇವುಗಳಲ್ಲಿ ಒಂದು ಕಂಡರೂ ತಕ್ಷಣ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ವಿಶ್ರಾಂತಿ ಪಡೆದು ನೋಡೋಣವೆಂದು ಮನೆಯಲ್ಲಿ ಕೂರಬಾರದು.

ಅಳೆಯುವ ಕ್ರಮ

ಬೆಳಿಗ್ಗೆ ಮಲಮೂತ್ರ ವಿಸರ್ಜನೆಯ ನಂತರ, ಬರಿಹೊಟ್ಟೆಯಲ್ಲಿ ಅಥವಾ ಊಟವಾಗಿ ಮೂರು ಗಂಟೆಯ ನಂತರ ಅಳೆಯಬೇಕು. ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವ ಮಧುಮೇಹಿಗಳು ಬರಿಹೊಟ್ಟೆಯಲ್ಲಿ ಮಾಡಬಾರದು. ಐದು ನಿಮಿಷ ನಡೆದು, ಹೆಗಲು ಮಣಿಕಟ್ಟುಗಳನ್ನು ತಿರುಗಿಸಿ ಮೈ ಬೆಚ್ಚಗಾದ ಮೇಲೆ ಆರಂಭಿಸಬೇಕು. ಮೆಟ್ಟಿಲು ನಾಲ್ಕು.

ಒಂದನೆಯದು ಗೋಡೆದಂಡ. ಗೋಡೆಯಿಂದ ಒಂದು ತೋಳಿನಳತೆ ದೂರ ನಿಂತು, ಅಂಗೈಗಳನ್ನು ಎದೆಯ ಮಟ್ಟದಲ್ಲಿ ಗೋಡೆಗೆ ಊರಿ, ಮೊಣಕೈ ಮಡಚಿ ಎದೆಯನ್ನು ಗೋಡೆಯ ಹತ್ತಿರಕ್ಕೆ ತಂದು ಹಿಂದೆ ಸರಿಯಬೇಕು. ಇದನ್ನು ಸಲೀಸಾಗಿ 20 ಬಾರಿ ಮಾಡಿದವರು ಎರಡನೆಯ ಮೆಟ್ಟಿಲಿಗೆ ಏರಬಹುದು. ಎರಡನೆಯದು ಕಟ್ಟೆದಂಡ. ಅಲುಗಾಡದ ಕಟ್ಟೆ ಅಥವಾ ಗೋಡೆಗೆ ತಾಗಿಸಿದ ಮಂಚದ ಅಂಚಿಗೆ ಕೈಯೂರಿ ಮಾಡುವುದು. ಇದರಲ್ಲಿ 15 ಆದವರಿಗೆ ಮೂರನೆಯದು, ಮೊಣಕಾಲೂರಿದ ದಂಡ. ಅದರಲ್ಲಿಯೂ 15 ಆದವರಿಗೆ ನಾಲ್ಕನೆಯದು, ಕಾಲ್ಬೆರಳ ಮೇಲಿನ ಪೂರ್ಣ ದಂಡ.

ಎಣಿಕೆಯ ನಿಯಮಗಳು ಎಲ್ಲ ಮೆಟ್ಟಿಲಿಗೂ ಒಂದೇ. ತಲೆಯಿಂದ ಕಾಲ್ಬೆರಳ ತನಕ, ಮೊಣಕಾಲೂರಿದವರಿಗೆ ಮೊಣಕಾಲಿನ ತನಕ, ದೇಹ ನೇರವಾಗಿರಬೇಕು. ಸೊಂಟ ಕುಸಿದರೆ ಅಥವಾ ಎದ್ದರೆ ಅದು ಲೆಕ್ಕಕ್ಕಿಲ್ಲ. ಎದೆ ನೆಲದಿಂದ ಒಂದು ಮುಷ್ಟಿಯ ಅಂತರಕ್ಕೆ ಇಳಿಯಬೇಕು. ಇಳಿಯುವಾಗ ಉಸಿರನ್ನು ಒಳಗೆ ತೆಗೆದುಕೊಂಡು, ಏಳುವಾಗ ಹೊರಗೆ ಬಿಡಬೇಕು. ಉಸಿರು ಕಟ್ಟಿದರೆ ರಕ್ತದೊತ್ತಡ ತಟಕ್ಕನೆ ಏರುತ್ತದೆ. ಅವಸರ ಬೇಡ, ನಡುವೆ ವಿಶ್ರಾಂತಿಯೂ ಇಲ್ಲ. ಕ್ರಮ ಕೆಟ್ಟಲ್ಲಿಗೆ ಎಣಿಕೆ ಮುಗಿಯಿತು. ಕೈ ನಡುಗಿ ಕುಸಿಯುವ ತನಕ ಎಳೆಯುವ ಅಗತ್ಯವಿಲ್ಲ.

ಕೆನಡಾ ದೇಶದ ವ್ಯಾಯಾಮತಜ್ಞರು ಬಳಸುವ ಪಟ್ಟಿಯಲ್ಲಿ ‘ಒಳ್ಳೆಯದು’ ಎಂದು ಹೇಳಿದ ಮಟ್ಟ ಹೀಗಿದೆ. ಪುರುಷರಿಗೆ ಪೂರ್ಣ ದಂಡ, ಮಹಿಳೆಯರಿಗೆ ಮೊಣಕಾಲೂರಿದ ದಂಡ.

30ರಿಂದ 39 ವರ್ಷ: ಪುರುಷರು 17–21, ಮಹಿಳೆಯರು 13–19
40ರಿಂದ 49 ವರ್ಷ: ಪುರುಷರು 13–16, ಮಹಿಳೆಯರು 11–14
50ರಿಂದ 59 ವರ್ಷ: ಪುರುಷರು 10–12, ಮಹಿಳೆಯರು 7–10
60ರಿಂದ 69 ವರ್ಷ: ಪುರುಷರು 8–10, ಮಹಿಳೆಯರು 5–11

ಇದು ಬೇರೆ ನಾಡಿನ ಜನರ ದೇಹಗಳಿಂದ ತೆಗೆದ ಲೆಕ್ಕ. ದಾರಿತೋರುವ ಕೈಕಂಬದಂತೆ ಇದನ್ನು ಬಳಸಬೇಕೇ ಹೊರತು, ಕಡಿಮೆ ಬಂದಿತೆಂದು ಕಳವಳಪಡಬಾರದು. ಗೋಡೆದಂಡದಿಂದ ಆರಂಭಿಸಿದವರು ತಮ್ಮ ಹಿಂದಿನ ತಿಂಗಳ ಎಣಿಕೆಯೊಡನೆ ಮಾತ್ರ ಹೋಲಿಸಿಕೊಳ್ಳಬೇಕು.

ಹಿರಿಯರಿಗೆ ಇನ್ನೊಂದು ಅಳತೆ

ದಂಡ ಕೈಗೂಡದ ಹಿರಿಯರು ಕಾಲಿನ ಬಲವನ್ನು ಅಳೆದುಕೊಳ್ಳಬಹುದು. ಸುಮಾರು 17 ಇಂಚು ಎತ್ತರದ, ಕೈಯಾಸರೆ ಇಲ್ಲದ ಕುರ್ಚಿಯನ್ನು ಗೋಡೆಗೆ ಒರಗಿಸಿಡಬೇಕು. ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು, 30 ಸೆಕೆಂಡಿನಲ್ಲಿ ಎಷ್ಟು ಬಾರಿ ಪೂರ್ಣವಾಗಿ ಎದ್ದು ಕೂರುತ್ತೀರೆಂದು ಎಣಿಸಬೇಕು. ಪಕ್ಕದಲ್ಲಿ ಮನೆಯವರೊಬ್ಬರು ನಿಂತಿರಲಿ. 60ರಿಂದ 64ರ ಪುರುಷರಲ್ಲಿ 14, ಮಹಿಳೆಯರಲ್ಲಿ 12ಕ್ಕಿಂತ ಕಡಿಮೆಯಾದರೆ, 70ರಿಂದ 74ರ ಪುರುಷರಲ್ಲಿ 12, ಮಹಿಳೆಯರಲ್ಲಿ 10ಕ್ಕಿಂತ ಕಡಿಮೆಯಾದರೆ ಬೀಳುವ ಅಪಾಯ ಹೆಚ್ಚೆಂದು ಅಮೆರಿಕದ ರೋಗನಿಯಂತ್ರಣ ಕೇಂದ್ರ ಎಚ್ಚರಿಸುತ್ತದೆ.

ಶ್ರೀಮಠದ ಪ್ರಸಾದದ ಪಂಕ್ತಿಯಲ್ಲಿಯೂ ಒಂದು ಪರೀಕ್ಷೆ ಅಡಗಿದೆ. ನೆಲಕ್ಕೆ ಕುಳಿತು ಪ್ರಸಾದ ಸ್ವೀಕರಿಸಿ ಏಳುವಾಗ ಒಂದು ಕೈ ಊರುತ್ತೀರೋ, ಎರಡೂ ಕೈ ಊರುತ್ತೀರೋ, ಪಕ್ಕದವರ ಹೆಗಲು ಹಿಡಿಯುತ್ತೀರೋ ಎಂಬುದನ್ನು ಗಮನಿಸಿರಿ. ಹೋದ ವರ್ಷ ಊರದಿದ್ದ ಕೈಯನ್ನು ಈ ವರ್ಷ ಊರಬೇಕಾಗಿ ಬಂದಿದ್ದರೆ ಬಲ ಇಳಿದಿದೆ ಎಂದರ್ಥ. ಗೋಡೆದಂಡವನ್ನೂ ಕುರ್ಚಿಯ ಅಭ್ಯಾಸವನ್ನೂ ಅಂದೇ ಆರಂಭಿಸಬೇಕು. ಎದ್ದು ಕೂರುವ ಬಲ ಕಾಲಿನದು, ಬಿದ್ದಾಗ ನೆಲದಿಂದ ಮೇಲೆತ್ತುವ ಬಲ ಕೈಯದು. ಎರಡೂ ಬೇಕು.

ಅಭ್ಯಾಸಕ್ಕೆ ಅರ್ಧಶಕ್ತಿಯ ನಿಯಮ

ಅಳತೆಯೇ ಬೇರೆ, ಅಭ್ಯಾಸವೇ ಬೇರೆ. ಪೂರ್ಣ ಎಣಿಕೆಯನ್ನು ತಿಂಗಳಿಗೊಮ್ಮೆ ಮಾತ್ರ ನೋಡಬೇಕು. ಈ ಪತ್ರಿಕೆ ಕೈಸೇರಿದ ವಾರವೇ ಅದಕ್ಕೆ ನೆನಪಿನ ಗುರುತಾಗಲಿ. ಉಳಿದ ದಿನಗಳ ಅಭ್ಯಾಸಕ್ಕೆ ನಮ್ಮ ಶಾಸ್ತ್ರ ಹಾಕಿದ ಗೆರೆ ಅರ್ಧಶಕ್ತಿ. ಹಣೆ, ಮೂಗು, ಕಂಕುಳು, ಕೀಲುಗಳಲ್ಲಿ ಬೆವರು ಒಡೆದು, ಬಾಯಿ ಒಣಗಿ, ಉಸಿರು ಬಾಯಿಯಿಂದ ಬರತೊಡಗಿದರೆ ಅರ್ಧಶಕ್ತಿ ಮುಗಿಯಿತೆಂದು ತಿಳಿದು ನಿಲ್ಲಿಸಬೇಕು. ಗರಿಷ್ಠ 12 ದಂಡ ತೆಗೆಯಬಲ್ಲವರು ಒಂದು ಸಲಕ್ಕೆ 6ರಂತೆ, ನಡುವೆ ಎರಡು ನಿಮಿಷ ಬಿಟ್ಟು, ಎರಡು ಅಥವಾ ಮೂರು ಸಲ ಮಾಡಿದರೆ ಸಾಕು. ವಾರಕ್ಕೆ ಮೂರು ದಿನ, ದಿನ ಬಿಟ್ಟು ದಿನ. ಅದರೊಡನೆ ಅಷ್ಟೇ ಸಂಖ್ಯೆಯ ಬೈಠಕ್ ಸೇರಿಸಿದರೆ ಮೇಲ್ಮೈಗೂ ಕೆಳಮೈಗೂ ಸಮತೋಲನ ಬರುತ್ತದೆ. ಮಿತಿಮೀರಿ ವ್ಯಾಯಾಮ ಮಾಡುವವನನ್ನು ಆನೆಯನ್ನು ಎಳೆಯಹೋಗಿ ತಾನೇ ನಾಶವಾಗುವ ಸಿಂಹಕ್ಕೆ ನಮ್ಮ ಆಚಾರ್ಯರು ಹೋಲಿಸಿದ್ದಾರೆ. ಒಂದೇ ವಾರದಲ್ಲಿ ನಲವತ್ತು ದಂಡ ತೆಗೆಯಹೊರಡುವ ಯುವಕರು ಇದನ್ನು ನೆನಪಿಡಬೇಕು.

ಹೇಮಂತ, ಶಿಶಿರ, ವಸಂತ ಋತುಗಳು ಅಭ್ಯಾಸಕ್ಕೆ ಉತ್ತಮ. ಗ್ರೀಷ್ಮದಲ್ಲಿ ನಮ್ಮ ಭಾಗದ ಬಿಸಿಲು ಬಲವನ್ನು ಹೀರುತ್ತದೆ, ವರ್ಷಾಋತುವಿನಲ್ಲಿ ಅಗ್ನಿ ಮಂದವಾಗಿರುತ್ತದೆ. ಆಗ ಸಂಖ್ಯೆಯನ್ನು ಇನ್ನೂ ಇಳಿಸಿ ರೂಢಿಯನ್ನು ಮಾತ್ರ ಉಳಿಸಿಕೊಳ್ಳಬೇಕು. ಎಳ್ಳೆಣ್ಣೆಯ ಅಭ್ಯಂಗ ಕೀಲುಗಳಿಗೆ ಹಿತ. ಅಂಗೈಗೆ ಎಣ್ಣೆ ಇರದಂತೆ ಒರೆಸಿಕೊಳ್ಳಬೇಕು, ಇಲ್ಲದಿದ್ದರೆ ಕೈ ಜಾರೀತು.

ಬಲಕ್ಕೆ ಆಹಾರದ ಆಸರೆ

ಆಹಾರವಿಲ್ಲದ ವ್ಯಾಯಾಮ ಬಲವನ್ನು ಕರಗಿಸುತ್ತದೆ. ದೇಹದ ಒಂದು ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ 2020ರ ಲೆಕ್ಕ. 60 ಕಿಲೋ ತೂಕದವರಿಗೆ ಇದು ಸುಮಾರು 50 ಗ್ರಾಂ. ಶಾಕಾಹಾರಿಗಳಾದ ನಮಗೆ ಇದು ಕಷ್ಟವಲ್ಲ, ಆದರೆ ತಾನಾಗಿ ಒದಗುವುದೂ ಇಲ್ಲ. ಜೋಳದ ರೊಟ್ಟಿಯೊಡನೆ ಬರಿ ಪಲ್ಯ ಸಾಲದು. ಎರಡೂ ಹೊತ್ತಿನ ಊಟದಲ್ಲಿ ಮಡಕಿ ಅಥವಾ ಹೆಸರುಕಾಳಿನ ಉಸುಳಿ, ತೊಗರಿಬೇಳೆ, ಜುಣಕ ಇವುಗಳಲ್ಲಿ ಒಂದು ಇರಲಿ. ಶೇಂಗಾ, ಅಗಸಿ, ಗುರೆಳ್ಳಿನ ಚಟ್ನಿ, ಹಾಲು, ಮಜ್ಜಿಗೆ ಇವು ಜೊತೆಗಿರಲಿ. ಮನೆಮಂದಿಗೆಲ್ಲ ಬಡಿಸಿ, ಉಳಿದ ರೊಟ್ಟಿ ಚಟ್ನಿಯಲ್ಲಿ ಊಟ ಮುಗಿಸುವ ತಾಯಂದಿರು ತಮ್ಮ ತಟ್ಟೆಗೂ ಕಾಳುಪಲ್ಯವನ್ನು ಮೊದಲೇ ತೆಗೆದಿಡಬೇಕು. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರ ಸಲಹೆಯಂತೆ ನಡೆಯಬೇಕು.

ಎಣಿಕೆ ಇಳಿದಾಗ

ಅಳತೆಯ ನಿಜವಾದ ಉಪಯೋಗ ಇರುವುದು ಇಲ್ಲಿ. ಅಭ್ಯಾಸ ತಪ್ಪದೆ ಇದ್ದರೂ 12 ಇದ್ದ ಎಣಿಕೆ ಒಂದೆರಡು ತಿಂಗಳಲ್ಲಿ 6ಕ್ಕೆ ಇಳಿದರೆ ವಯಸ್ಸಾಯಿತೆಂದು ಸುಮ್ಮನಾಗಬಾರದು. ವಯಸ್ಸು ಅಷ್ಟು ಅವಸರದಿಂದ ಬಲವನ್ನು ಒಯ್ಯುವುದಿಲ್ಲ. ರಕ್ತಹೀನತೆ, ಥೈರಾಯ್ಡ್ ಕೊರತೆ, ಹತೋಟಿ ತಪ್ಪಿದ ಮಧುಮೇಹ, ಹೃದಯದ ದೌರ್ಬಲ್ಯ ಇವು ಮೊದಲು ಕಾಣಿಸಿಕೊಳ್ಳುವುದು ಹೀಗೆ ಬಲದ ಇಳಿಕೆಯಲ್ಲಿಯೇ. ಅಂಥವರು ಎಣಿಕೆಯ ಚೀಟಿಯನ್ನು ತಮ್ಮ ವೈದ್ಯರಿಗೆ ತೋರಿಸಬೇಕು. “ಯಾಕೋ ಸುಸ್ತು” ಎಂಬ ಮಾತಿಗಿಂತ “ಎರಡು ತಿಂಗಳಲ್ಲಿ ಹನ್ನೆರಡರಿಂದ ಆರಕ್ಕೆ ಬಂದಿದೆ” ಎಂಬ ಮಾತು ವೈದ್ಯರಿಗೆ ಹೆಚ್ಚು ದಾರಿ ತೋರುತ್ತದೆ. ಜ್ವರದಿಂದ ಎದ್ದವರಲ್ಲಿ, ಶಸ್ತ್ರಚಿಕಿತ್ಸೆಯಾದವರಲ್ಲಿ ಎಣಿಕೆ ಇಳಿಯುವುದು ಸಹಜ. ಅವರು ಒಂದು ಮೆಟ್ಟಿಲು ಕೆಳಗಿಳಿದು ಮತ್ತೆ ಏರಬೇಕು.

ಆದುದರಿಂದ ಸದ್ಭಕ್ತರೆಲ್ಲರೂ ಈ ವಾರ ಮನೆಯಲ್ಲಿ ಒಂದು ಕೆಲಸ ಮಾಡಬೇಕೆಂದು ಕೋರುತ್ತೇವೆ. ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರಿನ ಲೆಕ್ಕ ಬರೆಯುವ ಕಡೆಯಲ್ಲಿಯೇ ಮನೆಯ ಪ್ರತಿಯೊಬ್ಬರ ಹೆಸರು, ಮೆಟ್ಟಿಲು ಮತ್ತು ಎಣಿಕೆಯನ್ನು ಬರೆದಿಡಿರಿ. ಅಜ್ಜಿಯ ಹೆಸರಿನ ಮುಂದೆ ಗೋಡೆದಂಡ ಐದು ಎಂದಿದ್ದರೂ ಚಿಂತೆಯಿಲ್ಲ. ಮುಂದಿನ ತಿಂಗಳು ಅದು ಏಳಾಗಬಹುದು. ಬಚ್ಚಲಲ್ಲಿ ಕಾಲು ಜಾರಿದ ದಿನ ಯಾರನ್ನೂ ಕೂಗದೆ ಕೈಯೂರಿ ಎದ್ದು ಬರಲು ಆ ಎರಡು ಹೆಚ್ಚಿನ ದಂಡಗಳ ಬಲವೇ ನೆರವಾದೀತು.